ಮೋಶೆಯ ನಿಯಮ ಪಾಲಿಸಲು ಆಗುವಂಥದ್ದೇನಾ?

ಯಾರಿಂದಲೂ ಪಾಲಿಸಲಾಗದ ನಿಯಮಗಳನ್ನು ದೇವರು ಮೋಶೆಯ ಮೂಲಕ ಇಸ್ರಾಯೇಲ್ಯರಿಗೆ ಯಾಕೆ ಕೊಟ್ಟ ಅಂತ ಕೇಳಿದ್ದೀರಿ. ಆಗೋದಿಲ್ಲ ಅಂತ ಮೋಶೆ ಎಲ್ಲಿ ಹೇಳಿದ್ದಾನೆ? ಬೈಬಲಿನ ಧರ್ಮೋಪದೇಶಕಾಂಡದ 30ನೇ ಅಧ್ಯಾಯ ತೆರೆದು ನೋಡಿ. ಈ ಆಜ್ಞೆ ನಿಮಗೆ ಕಷ್ಟದ್ದಲ್ಲ, ಇದನ್ನು ತರಲು ಆಕಾಶ ಏರಬೇಕಿಲ್ಲ, ಸಮುದ್ರ ದಾಟಬೇಕಿಲ್ಲ, ನಿಮ್ಮ ಬಾಯಲ್ಲೇ ಇದೆ ಎನ್ನುತ್ತಾನೆ.

ಎಡವಿದರೆ? ಅದಕ್ಕೂ ಆ ನಿಯಮದಲ್ಲೇ ದಾರಿ ಇದೆ. ಬೈಬಲಿನ ಇನ್ನೊಂದು ಪುಸ್ತಕ ಯಾಜಕಕಾಂಡದ 5ನೇ ಅಧ್ಯಾಯದ ಪ್ರಕಾರ ಕೆಲವು ತಪ್ಪುಗಳಿಗೆ ಪರಿಹಾರದ ಬಲಿಯಾಗಿ ಹೆಣ್ಣು ಕುರಿ ಇಲ್ಲವೇ ಆಡು ತರಬೇಕು. ಅಷ್ಟು ಗತಿಯಿಲ್ಲದವನು ಎರಡು ಪಾರಿವಾಳ ತಂದರೆ ಸಾಕು. ಅದೂ ಆಗದಿದ್ದರೆ ಸುಮಾರು 2 ಲೀಟರ್ ಗೋದಿ ಹಿಟ್ಟು. ಅದಕ್ಕೆ ಎಣ್ಣೆ ಕೂಡ ಬೇಡ. ಬಡವನ ಜೇಬು ನೋಡಿಯೇ ಬರೆದ ನಿಯಮ ಇದು. (ಆಗ ಜೇಬು ಎಲ್ಲಿತ್ತು, ಬಿಡಿ.) ಯಾರೂ ತಪ್ಪೇ ಮಾಡಬಾರದು ಅನ್ನುವ ನಿರೀಕ್ಷೆ ಇದ್ದಿದ್ದರೆ ಇಷ್ಟೆಲ್ಲ ಲೆಕ್ಕ ಯಾಕೆ ಬೇಕಿತ್ತು, ಅಲ್ವಾ?

ನಿಮ್ಮ ಗೊಂದಲ ಬಹುಶಃ ಯೇಸುವಿನ ಅಪೊಸ್ತಲ ಪೌಲನ ಪತ್ರಗಳಿಂದ ಬಂದದ್ದು. ಎಲ್ಲವನ್ನೂ ಪಾಲಿಸದವನು ಶಾಪಗ್ರಸ್ತ ಎಂಬ ಮಾತನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಎತ್ತುತ್ತಾನೆ, ನಿಜ. ಆದರೆ ಫಿಲಿಪ್ಪಿಯವರಿಗೆ ಬರೆಯುವಾಗ, ನಿಯಮದ ವಿಷಯದಲ್ಲಿ ತಾನು ತಪ್ಪಿಲ್ಲದವನು ಅಂದವನೂ ಅವನೇ. ಹಾಗಾಗಿ ಅವನ ತಕರಾರು 'ಆಗಲ್ಲ' ಅನ್ನುವುದಕ್ಕಿಂತ, ನಿಯಮವನ್ನೇ ನಂಬಿ ನೀತಿವಂತನಾಗಲು ಹೊರಡುವುದರ ಮೇಲೆ ಜಾಸ್ತಿ ಅನ್ನಿಸುತ್ತದೆ. ನಿಯಮವನ್ನು ಪೂರ್ತಿ ಪಾಲಿಸಲು ಯಾರಿಂದಲೂ ಆಗದು ಎನ್ನುವ, ಪ್ರೊಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರ್ ಕಡೆಯವರು ಇದನ್ನು ಒಪ್ಪಲಿಕ್ಕಿಲ್ಲ.