ತಂತ್ರದ ಆಟದಲ್ಲಿ ನಡೆ ಇಡುವ ಮೊದಲೇ ಅದರ ಪರಿಣಾಮ ತೋರಿಸುವುದು ಹೇಗೆ?

ಆಟದ ಸದ್ಯದ ಸ್ಥಿತಿಯ ಒಂದು ನಕಲು ಮಾಡಿಕೊಳ್ಳಿ. ನಡೆಯನ್ನು ಆ ನಕಲಿನ ಮೇಲೆ ಆಡಿಸಿ, ಏನು ಬದಲಾಯಿತೋ ಅಷ್ಟನ್ನೇ ತೆರೆಯ ಮೇಲೆ ತೋರಿಸಿ. ಅಸಲಿ ಸ್ಥಿತಿಯನ್ನು ಮುಟ್ಟಲೇಬೇಡಿ.

ಮುನ್ನೋಟಕ್ಕೆ ಅಂತ ಬೇರೆ ಲೆಕ್ಕ ಬರೆಯಲು ಹೋಗಬೇಡಿ. ನಾನು ಹಾಗೆ ಮಾಡಿ ಕೆಟ್ಟೆ. ಬಿಲ್ಲುಗಾರನ ಬಾಣಕ್ಕೆ 6 ಅಂಕದ ಪೆಟ್ಟು ಅಂತ ನನ್ನ ಮುನ್ನೋಟ ಹೇಳುತ್ತಿತ್ತು. ಗುಡ್ಡದ ಮೇಲೆ ನಿಂತವನಿಗೆ ಸಿಗುವ 2 ಅಂಕದ ರಕ್ಷಣೆ ಮಾತ್ರ ಅಸಲಿ ಕೋಡ್‌ನಲ್ಲಷ್ಟೇ ಇತ್ತು. 5 ಅಂಕ ಜೀವ ಇದ್ದ ಸೈನಿಕ ಸಾಯುತ್ತಾನೆ ಅಂತ ತೋರಿಸಿತು. ಬಾಣ ಬಿಟ್ಟ ಮೇಲೆ ನೋಡಿದರೆ ಅವನು 1 ಅಂಕದಲ್ಲಿ ಬದುಕಿದ್ದ. ಒಮ್ಮೆ ಹೀಗಾದರೆ ಸಾಕು, ಆಡುವವರು ಆ ಅಂಕಿಯನ್ನು ಮತ್ತೆ ನಂಬುವುದಿಲ್ಲ. ಆದ್ದರಿಂದ ಮುನ್ನೋಟಕ್ಕೂ ಅಸಲಿ ನಡೆಗೂ ಒಂದೇ ಫಂಕ್ಷನ್ (ಲೆಕ್ಕ ಮಾಡುವ ಕೋಡ್‌ನ ತುಂಡು) ಇರಲಿ.

ಅದೃಷ್ಟದ ಪಾಲಿರುವ ಆಟವಾದರೆ ಇನ್ನೊಂದು ತೊಡಕು ಇದೆ. ನಕಲು ಮಾಡುವಾಗ ರ‍್ಯಾಂಡಮ್ ಸೀಡ್ (ದಾಳದ ಅಂಕಿಗಳೆಲ್ಲ ಹುಟ್ಟುವ ಮೂಲ ಸಂಖ್ಯೆ) ಕೂಡ ಜೊತೆಗೆ ಬರುತ್ತದೆ, ಅಲ್ವಾ? ಆಗ ದಾಳ ಬೀಳುವ ಮೊದಲೇ ಫಲಿತಾಂಶ ಬಯಲಾಗುತ್ತದೆ. ಅಂಥ ಕಡೆ ಒಂದೇ ಅಂಕಿ ಬೇಡ, ‘4ರಿಂದ 8’ ಅಂತ ಮಿತಿ ತೋರಿಸಿ. ಮರೆಯಲ್ಲಿ ಕೂತ ಶತ್ರುಗಳನ್ನು ನಕಲಿನಿಂದ ತೆಗೆದುಬಿಡಿ. ಇಲ್ಲದಿದ್ದರೆ ಸುಮ್ನೆ ಮೌಸ್ ಆಡಿಸಿಯೇ ಅವರಿರುವ ಜಾಗ ಪತ್ತೆ ಮಾಡಬಹುದು.

ಮುನ್ನೋಟ ಎಷ್ಟು ದೂರ ಹೋಗಬಹುದು ಅಂತ ನೋಡಬೇಕಿದ್ದರೆ 2018ರ ‘ಇನ್‌ಟು ದ ಬ್ರೀಚ್’ ಆಡಿ. 8×8 ಮನೆಗಳ ಸಣ್ಣ ಹಾಸಿನಲ್ಲಿ ಶತ್ರು ಮುಂದೆ ಎಲ್ಲಿ ಹೊಡೆಯುತ್ತಾನೆ ಅನ್ನುವುದು ಮೊದಲೇ ಕಾಣುತ್ತದೆ. ಆ ಪೆಟ್ಟನ್ನು ಬೇರೆ ಕಡೆ ತಿರುಗಿಸುವುದರಲ್ಲೇ ಆಟದ ಮಜಾ ಜಾಸ್ತಿ.