ಹೊಲಿಗೆ ಯಂತ್ರದ ಪಕ್ಕಕ್ಕೊಂದು ಸಣ್ಣ ಇಸ್ತ್ರಿ ಪೆಟ್ಟಿಗೆ

ಅಕ್ಕಾ, ಮಣಿಪಾಲದ ಫ್ಲ್ಯಾಟಿನಲ್ಲಿ ಜಾಗ ಕಡಿಮೆ, ಕೌದಿಯ ಎರಡು ತುಂಡು ಜೋಡಿಸಿದಾಗಲೆಲ್ಲ ಎದ್ದು ಒಳಕೋಣೆಗೆ ಹೋಗಿ ಇಸ್ತ್ರಿ ಹಾಕಿ ಬರುವುದರಲ್ಲೇ ಮಧ್ಯಾಹ್ನ ಕಳೆದುಹೋಗುತ್ತದೆ ಎಂದು ಬರೆದಿದ್ದೀರಿ. ಯಂತ್ರದ ಪಕ್ಕದಲ್ಲೇ ಇಡಲು ಯಾವ ಸಣ್ಣ ಪೆಟ್ಟಿಗೆ ಒಳ್ಳೆಯದು, ಹಬೆಯದ್ದು ಬೇಕೇ, ಅಮೆರಿಕದಿಂದ ಬರುವ ನಾದಿನಿಯ ಕೈಯಲ್ಲಿ ತರಿಸಲೇ ಎಂದೂ ಕೇಳಿದ್ದೀರಿ. ಕೊನೆಯ ಪ್ರಶ್ನೆಗೆ ಮೊದಲು ಹೇಳುತ್ತೇನೆ: ದಯವಿಟ್ಟು ತರಿಸಬೇಡಿ.

ಅಲ್ಲಿನ ಮನೆಗಳ ವಿದ್ಯುತ್ 120 ವೋಲ್ಟ್, ನಮ್ಮದು 230. ವೋಲ್ಟೇಜ್ ದುಪ್ಪಟ್ಟಾದರೆ ಕಾಯುವ ಸುರುಳಿ ಎಳೆಯುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅಲ್ಲಿಯ 700 ವಾಟ್ ಪೆಟ್ಟಿಗೆ ಇಲ್ಲಿ 2,500 ವಾಟ್ ದಾಟುತ್ತದೆ. ನನ್ನ ತಮ್ಮನ ಮಗಳು ಅಂಗೈಯಗಲದ ಚೆಂದದ ಪೆಟ್ಟಿಗೆಯೊಂದನ್ನು ತಂದುಕೊಟ್ಟಿದ್ದಳು. ಜೊತೆಗಿದ್ದ ಅಡಾಪ್ಟರ್ ಸಾಕು ಎಂದುಕೊಂಡು ಸ್ವಿಚ್ ಹಾಕಿದೆ. ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ, ವೋಲ್ಟೇಜನ್ನಲ್ಲ. ಸ್ವಲ್ಪ ಹೊತ್ತಿನಲ್ಲೇ ಹಿಡಿಯ ಬುಡದಿಂದ ಹೊಗೆ ಬಂತು, ಕೆಳಗಿದ್ದ ಬಿಳಿ ಮಲ್ಲು ಬಟ್ಟೆಯ ಮೇಲೆ ಕಂದು ಬಣ್ಣದ ಅಚ್ಚು ಉಳಿಯಿತು. ಅಷ್ಟು ಶಕ್ತಿಗೆ ಬೇಕಾಗುವ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಗಿಂತ ಎಷ್ಟೋ ಪಾಲು ಭಾರವಿರುತ್ತದೆ. ಪ್ರಯಾಣದ ಪೆಟ್ಟಿಗೆಗಳಲ್ಲಿ ಕೆಲವಕ್ಕೆ 120 ಮತ್ತು 240ರ ನಡುವೆ ಬದಲಿಸುವ ಗುಂಡಿ ಇರುತ್ತದೆ. ಅಂಥದ್ದಾದರೆ ಬಳಸಬಹುದು, ಆದರೆ ಪ್ರತಿ ಸಲ ಆ ಗುಂಡಿಯನ್ನು ನೋಡಿಯೇ ಪ್ಲಗ್ ಸಿಕ್ಕಿಸಬೇಕು.

ಇಲ್ಲೇ ಕೊಳ್ಳುವಾಗ ಐಎಸ್‌ಐ ಮುದ್ರೆ ಮತ್ತು ಮೂರು ಪಿನ್ನಿನ ಪ್ಲಗ್ ನೋಡಿ. ನಮ್ಮ ಕರಾವಳಿಯಲ್ಲಿ ಇದು ಬಹಳ ಮುಖ್ಯ. ಮಳೆಗಾಲದಲ್ಲಿ ಕೆಂಪು ಸಿಮೆಂಟಿನ ನೆಲ ಬೆವರುತ್ತದೆ, ನಾವು ಬರಿಗಾಲಿನಲ್ಲಿ ಯಂತ್ರ ತುಳಿಯುತ್ತಿರುತ್ತೇವೆ, ಪಕ್ಕದಲ್ಲಿ ಲೋಹದ ಬಿಸಿ ತಳ. ಅರ್ಥಿಂಗ್ ಇಲ್ಲದಿದ್ದರೆ ಒಳಗೆ ತಂತಿ ಸಡಿಲಾದ ದಿನ ಶಾಕ್ ಹೊಡೆಯುವುದು ನಮಗೇ. ಕಾಲಡಿಗೆ ಒಂದು ಒಣ ಚಾಪೆಯನ್ನೂ ಹಾಕಿಕೊಳ್ಳಿ.

ಇನ್ನು ತಳ. ಅಗಲಕ್ಕಿಂತ ಮೂತಿ ಮುಖ್ಯ. ಚೂಪಾದ ಮೂತಿ ಇದ್ದರೆ ಕಾಲು ಇಂಚಿನ ಹೊಲಿಗೆ ಅಂಚನ್ನು ಬಿಡಿಸಬಹುದು, ಕಾಲರಿನ ತುದಿಗೂ ಇಳಿಯಬಹುದು. ತಳದಲ್ಲಿ ರಂಧ್ರಗಳಿಲ್ಲದ ಒಣ ಪೆಟ್ಟಿಗೆಯೇ ನನಗಿಷ್ಟ, ಏಕೆಂದರೆ ಫ್ಯೂಸಿಂಗ್ (ಬಟ್ಟೆಯ ಒಳಬದಿಗೆ ಇಸ್ತ್ರಿಯಿಂದ ಅಂಟಿಸುವ ಗೋಂದಿನ ಒಳಪದರ) ಅಂಟಿಸುವಾಗ ಗೋಂದು ರಂಧ್ರಕ್ಕೆ ಹೋದರೆ ತೆಗೆಯುವುದು ದೊಡ್ಡ ಕಷ್ಟ. ಕಾವು ಹೊಂದಿಸುವ ತಿರುಗಣೆ ಇರಲೇಬೇಕು. ಮೂರು ಚುಕ್ಕೆಯೆಂದರೆ ಸುಮಾರು 200 ಡಿಗ್ರಿ, ಅದು ಹತ್ತಿಗೆ. ಒಂದು ಚುಕ್ಕೆ 110, ನೈಲಾನಿನಂಥವಕ್ಕೆ. ಒಂದೇ ಕಾವಿನ ಪೆಟ್ಟಿಗೆಯಲ್ಲಿ ಹತ್ತಿಯೂ ಪಾಲಿಯೆಸ್ಟರೂ ಇರುವ ಕೌದಿ ಮಾಡಲಾಗುವುದಿಲ್ಲ. ಸಣ್ಣ ಪೆಟ್ಟಿಗೆಯಲ್ಲಿ ಲೋಹ ಕಡಿಮೆ, ಹಾಗಾಗಿ ಒದ್ದೆ ಬಟ್ಟೆಗೆ ತಾಗಿದ ಕೂಡಲೇ ತಣಿಯುತ್ತದೆ. ಎರಡು ಸಲ ಒತ್ತಿ, ದೀಪ ಮತ್ತೆ ಆರುವವರೆಗೆ ಕಾಯಿರಿ. ಪರದೆ, ಲಂಗದಂಥ ದೊಡ್ಡ ಕೆಲಸಕ್ಕೆ ಮನೆಯ ದೊಡ್ಡ ಪೆಟ್ಟಿಗೆಯೇ ಬೇಕು. ಬ್ಯಾಟರಿಯದ್ದರ ಕಡೆ ಹೋಗಬೇಡಿ, ದಪ್ಪ ಹತ್ತಿಗೆ ಅದರ ಕಾವು ಸಾಲುವುದಿಲ್ಲ.

ಹಬೆ ಬೇಕೇ ಎಂದರೆ, ನಮ್ಮೂರಿಗೆ ಬೇಡ ಎಂದೇ ಹೇಳುತ್ತೇನೆ. ಜೋರು ಮಳೆಯ ಆಟಿ ತಿಂಗಳಿನಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಅದರ ಮೇಲೆ ಇನ್ನಷ್ಟು ತೇವ ಏಕೆ? ಬಾವಿಯ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಹಬೆಯ ದಾರಿಯಿಂದ ಕೆಂಪು ಹನಿ ಬಿಳಿ ಬಟ್ಟೆಯ ಮೇಲೆ ಬೀಳುತ್ತದೆ. ನುಣ್ಣಗೆ ನೀರು ಚಿಮುಕಿಸುವ ಬಾಟಲಿಯೊಂದು ಸಾಕು. ಒತ್ತಿದ ತುಂಡುಗಳನ್ನು ಬಿಸಿಯಿರುವಾಗಲೇ ಒಂದರ ಮೇಲೊಂದು ಪೇರಿಸಬೇಡಿ, ಫ್ಯಾನಿನ ಕೆಳಗೆ ಹರಡಿ ಆರಲು ಬಿಡಿ. ಉಡುಪಿ ಸೀರೆಯಂಥ ಕೈಮಗ್ಗದ ಹತ್ತಿಯನ್ನು ಕತ್ತರಿಸುವ ಮೊದಲೇ ಒಗೆದು ಇಸ್ತ್ರಿ ಹಾಕಿ. ಕುಗ್ಗುವುದಿದ್ದರೆ, ಬಣ್ಣ ಬಿಡುವುದಿದ್ದರೆ ಆಗಲೇ ಗೊತ್ತಾಗಲಿ.

ಒಳ್ಳೆಯ ಪೆಟ್ಟಿಗೆ ಬಂದ ಮೇಲೂ ಕೆಲಸ ಕೆಡುವುದು ತಿಕ್ಕುವುದರಿಂದ. ಅಂಗಿಗೆ ಹಾಕುವಂತೆ ಹಿಂದೆ ಮುಂದೆ ಎಳೆಯಬಾರದು. ಇಟ್ಟು, ಒತ್ತಿ, ಎತ್ತಬೇಕು. ಮೊದಲು ಹೊಲಿಗೆಯ ಮೇಲೆ ಹಾಗೆಯೇ ಒಮ್ಮೆ ಒತ್ತಿ, ದಾರ ಬಟ್ಟೆಯೊಳಗೆ ಕೂರುತ್ತದೆ. ಆಮೇಲೆ ಬಿಡಿಸಿ, ಅಂಚನ್ನು ಗಾಢ ಬಣ್ಣದ ತುಂಡಿನ ಕಡೆಗೆ ಮಡಚಿ ಒತ್ತಿ. ಕ್ರಾಸ್, ಅಂದರೆ ನೇಯ್ಗೆಗೆ ಓರೆಯಾಗಿ ಕತ್ತರಿಸಿದ ತುಂಡಿಗಂತೂ ತಿಕ್ಕದೆ ಒತ್ತುವುದು ತಪ್ಪಲೇಬಾರದು. ಒಂದು ಹಾಸಿನಲ್ಲಿ ತ್ರಿಕೋನಗಳ ಎರಡು ಸಾಲುಗಳನ್ನು ಒಂದೇ ಅಳತೆಗೆ ಕತ್ತರಿಸಿ ಹೊಲಿದಿದ್ದೆ. ತಿಕ್ಕಿದ ಸಾಲು ಒತ್ತಿದ ಸಾಲಿಗಿಂತ ಅರ್ಧ ಇಂಚು ಉದ್ದವಾಗಿತ್ತು. ಬಿಚ್ಚದೆ ಬೇರೆ ದಾರಿ ಇರಲಿಲ್ಲ.

ಒತ್ತುವ ಬಟ್ಟೆಯ ಕೆಳಗೆ ಹಳೆಯ ಉಣ್ಣೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದರೆ ಬಿಸಿ ಕೆಳಗಿನಿಂದಲೂ ಹಿಡಿಯುತ್ತದೆ. ಪೆಟ್ಟಿಗೆ ಎತ್ತಿದ ತಕ್ಷಣ ಆ ಜಾಗದ ಮೇಲೆ ನುಣುಪಾದ, ಪಾಲಿಶ್ ಇಲ್ಲದ ಮರದ ತುಂಡನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಸಣ್ಣ ಪೆಟ್ಟಿಗೆಯಲ್ಲಿ ಇಲ್ಲದ ಭಾರವನ್ನು ಅದು ಕೊಡುತ್ತದೆ, ಮಡಿಕೆ ಕಾಗದದಂತೆ ಕೂರುತ್ತದೆ. ಮರದ ತುಂಡು ಹಲಸಿನದ್ದು ಮಾತ್ರ ಆಗಬಾರದು, ತೇವ ತಾಗಿದರೆ ಬಟ್ಟೆಗೆ ಹಳದಿ ಬಿಡುತ್ತದೆ.