ಸಂಜೆಯ ಮಾತ್ರೆ ಮತ್ತು ಹಣೆಬರಹ

ಈ ಪ್ರಕರಣ ಬೇರೆ ಬೇರೆ ಮುಖ ಹೊತ್ತು ಮತ್ತೆ ಮತ್ತೆ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ನಿವೃತ್ತ ಮೇಷ್ಟ್ರು, ಎಪ್ಪತ್ತರ ಆಸುಪಾಸು. ಬಿಪಿ, ಶುಗರ್ ಜೊತೆಗೆ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲಿನ ಕೋಣೆಗಳು ನಡುಗಿ ಬಡಿತ ತಾಳ ತಪ್ಪುವ ಕಾಯಿಲೆ. ರಕ್ತ ಹೆಪ್ಪುಗಟ್ಟದಂತೆ ಅಪಿಕ್ಸಬಾನ್, ದಿನಕ್ಕೆ 2 ಸಲ. ಆಪ್ತಸಲಹೆಗೆ ನನ್ನ ಹತ್ತಿರ ಬಂದದ್ದು ನಿದ್ದೆ ಇಲ್ಲ, ಗಾಬರಿ ಅಂತ. ಮಾತಿನ ಮಧ್ಯೆ ಅವರ ಹೆಂಡತಿ ಬಾಯಿಬಿಟ್ಟರು: ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಕಂಡ ಮೇಲೆ ಸಂಜೆಯ ಮಾತ್ರೆ ಬಿಟ್ಟಿದ್ದಾರೆ.

ಯಾಕೆ ಸರ್ ಅಂತ ಕೇಳಿದೆ.

"ರಕ್ತ ಸೋರಿದ್ರೆ ಅದು ನಾನು ಮಾತ್ರೆ ನುಂಗಿದ್ದಕ್ಕೆ. ಸ್ಟ್ರೋಕ್ ಹೊಡೆದ್ರೆ ಹಣೆಬರಹ."

ಈ ಕಾಯಿಲೆಯಲ್ಲಿ ಸ್ಟ್ರೋಕಿನ ಅಪಾಯ ಸುಮಾರು 5 ಪಟ್ಟು ಅಂತ ಡಾಕ್ಟರು ಹೇಳಿದ್ದು ಅವರಿಗೆ ಬಾಯಿಪಾಠ. ಅದನ್ನೇ ಮತ್ತೆ ಒಪ್ಪಿಸಿ ಏನು ಪ್ರಯೋಜನ? ಅವರು ಲೆಕ್ಕ ಹಾಕುತ್ತಿದ್ದದ್ದು ತಪ್ಪು ಯಾರ ತಲೆಗೆ ಬರುತ್ತದೆ ಅಂತ. "ಮಾತ್ರೆ ಡಬ್ಬಿಯಲ್ಲೇ ಬಿಡೋದು ಯಾರ ಕೈ ಸರ್?" ಅಂದೆ. ಸಿಟ್ಟು ಬಂತು. "ನೀವೇನು ಡಾಕ್ಟರಾ?" ಅಂದರು. ಅಲ್ಲ ಅಂದೆ.

ಆಗ ಹೆಂಡತಿ, "ನೀವು ಹಾಸಿಗೆ ಹಿಡಿದ್ರೆ ಎತ್ತಿ ಕೂರಿಸೋಳು ನಾನು. ಅದೂ ಹಣೆಬರಹನಾ?" ಅಂದರು. ಮೇಷ್ಟ್ರು ವಾದ ನಿಲ್ಲಿಸಿದರು.

ಔಷಧದ ವಿಷಯ ಆಪ್ತಸಲಹೆಗಾರರಿಗೆ ಯಾಕೆ ಅಂತ ಕೆಲವರು ಕೇಳುತ್ತಾರೆ. ಡೋಸ್ ನಾನು ಮುಟ್ಟುವುದಿಲ್ಲ. ಆದರೆ ಗಾಬರಿಯ ಬೇರು ಮಾತ್ರೆ ಡಬ್ಬಿಯಲ್ಲೇ ಇರುವಾಗ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಲು ನನಗಾಗದು. ಅಪಿಕ್ಸಬಾನ್‌ನ ಪ್ರಭಾವ ಸುಮಾರು 12 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಸಂಜೆಯದು ತಪ್ಪಿದರೆ ರಾತ್ರಿಯಿಡೀ ಕಾವಲು ಸಡಿಲ. ಹೃದಯದ ನಡುಗುವ ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪಾದರೆ ಅದು ಮಿದುಳಿನ ದಾರಿ ಹಿಡಿಯಬಹುದು. "ಈಗ ಎದೆ ಹೊಡ್ಕೊಳ್ಳಲ್ಲ, ಬಿಡಬಹುದಲ್ವಾ?" ಅನ್ನುವವರಿಗೂ ಇದೇ ಮಾತು. ಬಡಿತ ಆಗಾಗ ಮಾತ್ರ ತಪ್ಪಿದರೂ ಅಪಾಯ ಇದ್ದೇ ಇರುತ್ತದೆ. ಆಸ್ಪಿರಿನ್ ಇದಕ್ಕೆ ಬದಲಿಯಲ್ಲ.

ನಾನು ಹೇಳಿದ್ದು ಇಷ್ಟು. ಮಾತ್ರೆ ಬಿಟ್ಟದ್ದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಹಿಮೋಗ್ಲೋಬಿನ್, ಕಿಡ್ನಿ ಪರೀಕ್ಷೆ ಬೇಕಾ ಕೇಳಿ. ವಸಡನ್ನು ದಂತವೈದ್ಯರಿಗೆ ತೋರಿಸಿ. ಮಲ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ಬೇರೆ ಮಾತ್ರೆ ಏನು ನುಂಗ್ತೀರಿ ಅಂತಲೂ ಕೇಳಿದೆ. ಮಂಡಿನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್! ರಕ್ತಸ್ರಾವ ಜಾಸ್ತಿ ಮಾಡುವುದು ಅದೂ ಹೌದು. ಡಾಕ್ಟರು ಅದನ್ನು ನಿಲ್ಲಿಸಿದರು.

ಈಗ ಎರಡೂ ಹೊತ್ತು ನುಂಗುತ್ತಾರಂತೆ. ನಿದ್ದೆ ಇನ್ನೂ ಅಷ್ಟಕ್ಕಷ್ಟೇ, ಆ ಮಾತು ನಡೆಯುತ್ತಿದೆ.